ತಂದೆ, ತಾತ, ಮೊಮ್ಮಗ: ಮಿತಾಕ್ಷರೆಯ ಬೆಳಕಿನಲ್ಲಿ ಕನ್ನಡ ಕುಟುಂಬ

ನಮ್ಮ ಕುಟುಂಬಪದ್ಧತಿಯನ್ನು ಕುರಿತು ಬರೆಯುವವರು ‘ಪಿತೃಪ್ರಧಾನ’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತಾರೆ. ಮನೆಗೆ ತಂದೆಯೇ ಒಡೆಯನು, ಆಸ್ತಿಯೆಲ್ಲವೂ ಅವನದು, ಮಕ್ಕಳು ಅವನ ಅಧೀನರು ಎಂಬಿಷ್ಟೇ ಅರ್ಥವನ್ನು ಆ ಮಾತಿನಿಂದ ವಿದ್ಯಾರ್ಥಿಗಳು ಗ್ರಹಿಸುವರು. ಪ್ರಾಚೀನ ರೋಮಿನ ಕುಟುಂಬಕ್ಕೆ ಈ ವರ್ಣನೆಯು ಬಹುಮಟ್ಟಿಗೆ ಒಪ್ಪಬಹುದು. ಅಲ್ಲಿ ಮನೆಯ ಹಿರಿಯನು ಬದುಕಿರುವವರೆಗೆ ಮಗನಿಗೆ ಸ್ವಂತವೆಂಬುದೇ ಇಲ್ಲದಂತಿತ್ತು. ಕನ್ನಡನಾಡಿನ ಕುಟುಂಬಕ್ಕೆ ಇದೇ ವರ್ಣನೆಯನ್ನು ಹಚ್ಚುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಇಲ್ಲಿ ತಂದೆಯು ಒಂದು ಸರಪಳಿಯ ನಡುವಣ ಕೊಂಡಿ. ಅವನ ಒಂದು ಕಡೆ ತಾತನೂ ಇನ್ನೊಂದು ಕಡೆ ಮಗನೂ ನಿಂತಿರುವರು. ತಾತನ ಸ್ವತ್ತಿನ ವಿಷಯದಲ್ಲಿ ಅವನ ಅಧಿಕಾರವು ಮಗನ ಹಕ್ಕಿನಿಂದ ಮಿತಗೊಂಡದ್ದು. ಈ ಮಾತನ್ನು ಶಾಸ್ತ್ರರೂಪದಲ್ಲಿ ಖಚಿತವಾಗಿ ಹೇಳಿದ ಗ್ರಂಥವು ನಮ್ಮ ನಾಡಿನಲ್ಲೇ, ಕಲ್ಯಾಣದಲ್ಲೇ ಹುಟ್ಟಿತೆಂಬುದನ್ನು ನಾವು ಮರೆತಿದ್ದೇವೆ. ಆ ಗ್ರಂಥಕ್ಕೆ ಹೋಗುವ ಮುನ್ನ ಭಾಷೆಯನ್ನೂ ಹೆಸರಿಡುವ ವಾಡಿಕೆಯನ್ನೂ ಕೊಂಚ ನೋಡೋಣ.

ಸಂಸ್ಕೃತದಲ್ಲಿ ‘ತಾತ’ ಎಂದರೆ ತಂದೆ. ಅದೇ ಶಬ್ದದಿಂದ ಹಿರಿಯರು ಮಗನನ್ನೂ ಶಿಷ್ಯನನ್ನೂ ಪ್ರೀತಿಯಿಂದ ಕರೆಯುವುದುಂಟು. ಕನ್ನಡಕ್ಕೆ ಬಂದಾಗ ಆ ಶಬ್ದವು ಒಂದು ತಲೆ ಮೇಲೇರಿ ತಂದೆಯ ತಂದೆಯಾಯಿತು. ‘ಅಯ್ಯ’ ಎಂಬುದು ಕೆಲವು ಮನೆಗಳಲ್ಲಿ ತಂದೆಯನ್ನೂ ಕೆಲವು ಮನೆಗಳಲ್ಲಿ ಅಜ್ಜನನ್ನೂ ಹೇಳುತ್ತದೆ. ‘ಅಪ್ಪ’ ಎಂಬುದು ತಂದೆಯ ಹೆಸರಾದರೂ, ‘ಬಾರಪ್ಪ, ಊಟ ಮಾಡಪ್ಪ’ ಎಂದು ಎಳೆಯ ಮಗುವನ್ನು ಕರೆಯದ ಮನೆಯಿಲ್ಲ. (ನೆರೆಯ ತುಳುವಿನಲ್ಲಿ ‘ಅಪ್ಪೆ’ಯೆಂದರೆ ತಾಯಿ, ‘ಅಮ್ಮೆ’ಯೆಂದರೆ ತಂದೆ; ಬಂಧುವಾಚಕಗಳ ವಿಷಯದಲ್ಲಿ ಆತುರದ ಸಿದ್ಧಾಂತ ಸಲ್ಲದೆಂಬುದಕ್ಕೆ ಇದೊಂದು ಎಚ್ಚರಿಕೆ.) ತಲೆಮಾರಿನಿಂದ ತಲೆಮಾರಿಗೆ ಶಬ್ದವು ಹೀಗೆ ಜಾರಿಹೋಗುವುದು ಕೇವಲ ಆಕಸ್ಮಿಕವೆಂದು ಹೇಳಲಾಗುವುದಿಲ್ಲ. ತಾತ, ತಂದೆ, ಮಗ ಈ ಮೂವರನ್ನೂ ಒಂದೇ ವಸ್ತುವಿನ ಮೂರು ಅವಸ್ಥೆಗಳೆಂಬಂತೆ ಜನರು ಭಾವಿಸಿದ್ದರಿಂದಲೇ ಒಬ್ಬನ ಹೆಸರು ಇನ್ನೊಬ್ಬನಿಗೆ ಸಲ್ಲುತ್ತದೆ.

ಇನ್ನೊಂದು ವಿಶೇಷವಿದೆ. ಸಂಸ್ಕೃತವು ತಂದೆಯ ತಂದೆಯನ್ನು ಪಿತಾಮಹನೆಂದೂ ತಾಯಿಯ ತಂದೆಯನ್ನು ಮಾತಾಮಹನೆಂದೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಕನ್ನಡಕ್ಕೆ ಇಬ್ಬರೂ ಅಜ್ಜಂದಿರೇ; ಇಬ್ಬರ ಮಕ್ಕಳ ಮಕ್ಕಳೂ ಮೊಮ್ಮಕ್ಕಳೇ. ಶಾಸ್ತ್ರವು ಮಾಡಿದ ಭೇದವನ್ನು ನಮ್ಮ ಆಡುಮಾತು ಒಪ್ಪಿಕೊಳ್ಳಲಿಲ್ಲ. ಈ ಅಂಶವು ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಮೊಮ್ಮಗನಿಗೆ ಅಜ್ಜನ ಹೆಸರಿಡುವ ಸಂಪ್ರದಾಯವು ಸರ್ವವಿದಿತವಾದದ್ದು. ತಮಿಳಿನಲ್ಲಿ ಮೊಮ್ಮಗನಿಗೆ ‘ಪೇರನ್’ ಎಂದೇ ಹೆಸರು. ‘ಪೇರ್’ ಎಂದರೆ ಹೆಸರು, ಆದುದರಿಂದ ಅಜ್ಜನ ಹೆಸರನ್ನು ಹೊತ್ತವನು ಎಂದು ಅರ್ಥ ಹೇಳುವರು. ಸೊಸೆಯು ಮಾವನ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಕಟ್ಟು ಇದ್ದ ಮನೆಗಳಲ್ಲಿ ಇದರಿಂದ ಒಂದು ತೊಡಕು ಒದಗುತ್ತಿತ್ತು. ಹೆತ್ತ ಮಗನನ್ನೇ ತಾಯಿಯು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಆಗ ಆ ಮಗುವು ‘ಅಪ್ಪಯ್ಯ’ನೋ ‘ಅಜ್ಜಪ್ಪ’ನೋ ಆಗಿ, ಮುದುಕನಾಗುವವರೆಗೂ ಅದೇ ಹೆಸರಿನಲ್ಲಿ ಉಳಿಯುತ್ತಿತ್ತು.

ಅರಸುಮನೆತನಗಳಲ್ಲಿ ಈ ವಾಡಿಕೆಯನ್ನು ಶಾಸನಗಳ ಬಲದಿಂದ ನಿದರ್ಶಿಸಬಹುದು. ಬಾದಾಮಿಯ ಇಮ್ಮಡಿ ಪುಲಕೇಶಿಯು ಮೊದಲನೆಯ ಪುಲಕೇಶಿಯ ಮೊಮ್ಮಗನು. ಪಂಪನ ಆಶ್ರಯದಾತನಾದ ವೇಮುಲವಾಡದ ಇಮ್ಮಡಿ ಅರಿಕೇಸರಿಯ ಮೊಮ್ಮಗನೂ ಅರಿಕೇಸರಿಯೇ. ಹೊಯ್ಸಳರಲ್ಲಿ ಮೊದಲನೆಯ ನರಸಿಂಹನ ಮಗ ಇಮ್ಮಡಿ ಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮತ್ತೆ ನರಸಿಂಹ: ೧೧೫೨ರಿಂದ ೧೨೯೨ರವರೆಗಿನ ಐದು ಆಳಿಕೆಗಳಲ್ಲಿ ಒಂದು ಬಿಟ್ಟು ಒಂದರಂತೆ ಅದೇ ಹೆಸರು ಮರಳುತ್ತದೆ. ಕಲ್ಯಾಣದ ಚಾಲುಕ್ಯರಲ್ಲಿ ಆಹವಮಲ್ಲ ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯ. ಅವನ ಮಗ, ಮಾನಸೋಲ್ಲಾಸದ ಕರ್ತೃ, ಮೂರನೆಯ ಸೋಮೇಶ್ವರ. ಇವನ ಮೊಮ್ಮಗ ನಾಲ್ಕನೆಯ ಸೋಮೇಶ್ವರ. ಈ ನಿಯಮವು ಎಲ್ಲೆಡೆಯೂ ನಡೆಯಿತೆಂದು ನಾನು ಹೇಳುವುದಿಲ್ಲ. ಕವಿ ರನ್ನನು ತನ್ನ ಮಕ್ಕಳಿಗೆ ರಾಯನೆಂದೂ ಅತ್ತಿಮಬ್ಬೆಯೆಂದೂ ಹೆಸರಿಟ್ಟು, ಅಜ್ಜಅಜ್ಜಿಯರಿಗೆ ಸಲ್ಲುವ ಗೌರವವನ್ನು ತನ್ನನ್ನು ಪೊರೆದ ಚಾವುಂಡರಾಯನಿಗೂ ದಾನಚಿಂತಾಮಣಿಗೂ ಸಲ್ಲಿಸಿದನು. ಅಪವಾದವೂ ನಿಯಮದ ಬೆಲೆಯನ್ನೇ ತಿಳಿಸುತ್ತದೆ. ಹೆಸರಿಡುವುದೆಂದರೆ ಋಣವನ್ನು ಒಪ್ಪಿಕೊಳ್ಳುವುದೆಂದು ರನ್ನನು ಬಲ್ಲನು.

ವ್ಯಾಕರಣದಲ್ಲಿಯೂ ಇದೇ ದೃಷ್ಟಿಯಿದೆ. ಪಾಣಿನಿಯು ‘ಗೋತ್ರ’ವೆಂಬ ಪಾರಿಭಾಷಿಕ ಸಂಜ್ಞೆಯನ್ನು ಮಗನಿಗೆ ಕೊಡದೆ ಮೊಮ್ಮಗನಿಂದ ಮೊದಲ್ಗೊಂಡು ಕೊಡುತ್ತಾನೆ. ಗರ್ಗನ ಮಗನು ಗಾರ್ಗಿ, ಮೊಮ್ಮಗನು ಗಾರ್ಗ್ಯ, ಮನೆಯ ಹಿರಿಯನಿನ್ನೂ ಬದುಕಿರುವಾಗ ಮರಿಮಗನು ಗಾರ್ಗ್ಯಾಯಣ. ಒಬ್ಬನಿಗೆ ಮಗನು ಹುಟ್ಟಿದಮಾತ್ರಕ್ಕೆ ವಂಶವಾಗುವುದಿಲ್ಲ, ಆ ಮಗನಿಗೂ ಮಗನು ಹುಟ್ಟಿದ ಮೇಲೆ ವಂಶವೆನ್ನಬಹುದೆಂಬುದು ಸೂತ್ರಕಾರನ ಲೆಕ್ಕ. ಹಿರಿಯನು ಜೀವಿಸಿರುವನೋ ಇಲ್ಲವೋ ಎಂಬುದರ ಮೇಲೆ ಕಿರಿಯನ ಹೆಸರಿನ ಪ್ರತ್ಯಯವೇ ಬದಲಾಗುವುದು ಬೇರೆ ಯಾವ ಭಾಷೆಯ ವ್ಯಾಕರಣದಲ್ಲಿಯಾದರೂ ಉಂಟೇ ಎಂದು ಆಶ್ಚರ್ಯವಾಗುತ್ತದೆ.

ನಮ್ಮ ಹಳೆಯ ಶಾಸನಗಳೂ ಕವಿಗಳೂ ವ್ಯಕ್ತಿಯನ್ನು ಪರಿಚಯಿಸುವ ಕ್ರಮವನ್ನು ಗಮನಿಸಿರಿ. ೯೮೨ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ರಾಷ್ಟ್ರಕೂಟ ನಾಲ್ಕನೆಯ ಇಂದ್ರನನ್ನು ಅಲ್ಲಿಯ ಶಾಸನವು ಕೃಷ್ಣರಾಜನ ಮೊಮ್ಮಗನೆಂದೂ ಗಂಗಗಾಂಗೇಯನ ಮಗಳ ಮಗನೆಂದೂ, ಇಬ್ಬರು ಅಜ್ಜಂದಿರ ಮೂಲಕ, ಗುರುತಿಸುತ್ತದೆ. ಪಂಪನ ತಮ್ಮನಾದ ಜಿನವಲ್ಲಭನ ಕುರ್ಕ್ಯಾಲ ಶಾಸನವು ತಾಯಿ ಅಬ್ಬಣಬ್ಬೆಯನ್ನು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕರೆಯುತ್ತದೆ. ಪಂಪನು ಭಾರತದಲ್ಲಿ ತನ್ನ ವಂಶವನ್ನು ಮಾಧವ ಸೋಮಯಾಜಿಯಿಂದ ಆರಂಭಿಸಿ ತಂದೆ ಅಭಿರಾಮದೇವರಾಯನವರೆಗೆ ಇಳಿಸಿಕೊಂಡು ಬರುತ್ತಾನೆ. ಆ ತಂದೆಯು ವೈದಿಕಮಾರ್ಗವನ್ನು ಬಿಟ್ಟು ಜೈನಧರ್ಮವನ್ನು ಕೈಕೊಂಡವನು. ಮತವು ಬದಲಾದರೂ ಯಜ್ಞಮಾಡಿದ ಹಿರಿಯನನ್ನು ಕವಿಯು ವಂಶದಿಂದ ತೆಗೆದುಹಾಕಲಿಲ್ಲ. ತಂದೆಯು ಕಡಿದುಕೊಂಡ ದಾರಿಯನ್ನು ಮಗನು ಕಾವ್ಯದಲ್ಲಿ ಮತ್ತೆ ಕೂಡಿಸಿದನು. ಈಚಿನವರೆಗೂ ನಮ್ಮ ಹಳ್ಳಿಗಳಲ್ಲಿ ಹೊಸ ಹುಡುಗನನ್ನು ಕಂಡ ವೃದ್ಧರು ‘ಯಾರ ಮಗ?’ ಎಂದು ಕೇಳಿ, ಉತ್ತರದಿಂದ ತೃಪ್ತರಾಗದೆ ‘ಹಾಗಾದರೆ ಯಾರ ಮೊಮ್ಮಗ?’ ಎಂದು ಮುಂದುವರಿಯುತ್ತಿದ್ದರು. ಎರಡನೆಯ ಉತ್ತರ ದೊರೆತ ಮೇಲೆಯೇ ಅವರ ಮುಖವು ಅರಳುತ್ತಿದ್ದಿತು.

ಇನ್ನು ಮುಖ್ಯವಿಷಯಕ್ಕೆ ಬರೋಣ. ಮಿತಾಕ್ಷರೆಯು ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನ. ಗ್ರಂಥಾಂತ್ಯದಲ್ಲಿ ಆತನು ಕಲ್ಯಾಣಪುರವನ್ನೂ ವಿಕ್ರಮಾರ್ಕನೆಂಬ ದೊರೆಯನ್ನೂ ಹೊಗಳಿರುವನು. ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ದೊರೆಯು ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯ. ಬಂಗಾಳವೊಂದನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗಕ್ಕೆ ಈ ಗ್ರಂಥವೇ ಆಧಾರವಾಯಿತು. ಕೋಲ್‌ಬ್ರೂಕನು ಇದರ ದಾಯಪ್ರಕರಣವನ್ನೂ ಬಂಗಾಳದ ಜೀಮೂತವಾಹನನ ದಾಯಭಾಗವನ್ನೂ ೧೮೧೦ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ ಕಂಪನಿಯ ನ್ಯಾಯಸ್ಥಾನಗಳಲ್ಲಿ ಇದರ ಮಾತಿಗೆ ಇನ್ನಷ್ಟು ತೂಕ ಬಂದಿತು.

ವಿಜ್ಞಾನೇಶ್ವರನು ಎತ್ತುವ ಮೊದಲ ಪ್ರಶ್ನೆಯೇ ಸ್ವಾರಸ್ಯವಾದದ್ದು. ಪಾಲು ಮಾಡುವುದರಿಂದ ಸ್ವತ್ವವು ಹುಟ್ಟುತ್ತದೆಯೋ, ಅಥವಾ ಮೊದಲೇ ಇದ್ದ ಸ್ವತ್ವವನ್ನೇ ಪಾಲುಮಾಡುತ್ತೇವೆಯೋ? ಮೊದಲನೆಯದೇ ನಿಜವಾದರೆ, ತಂದೆಯು ಹಂಚಿಕೊಡುವವರೆಗೆ ಅಥವಾ ಅವನು ಸಾಯುವವರೆಗೆ ಮಗನಿಗೆ ಏನೂ ಇಲ್ಲವೆಂದಾಗುತ್ತದೆ. ಜೀಮೂತವಾಹನನು ಹಿಡಿದ ದಾರಿಯು ಇದೇ. ವಿಜ್ಞಾನೇಶ್ವರನು ಎರಡನೆಯದನ್ನು ಹಿಡಿಯುತ್ತಾನೆ. ಸ್ವತ್ವವೆಂಬುದು ಲೌಕಿಕವಾದದ್ದು, ಶಾಸ್ತ್ರವನ್ನೇ ಕಾಣದ ಗಡಿನಾಡಿನ ಜನರೂ ಕೊಳ್ಳುವ ಮಾರುವ ವ್ಯವಹಾರವನ್ನು ನಡಸುತ್ತಾರಷ್ಟೆ ಎಂದು ವಾದಿಸಿ, ಮಕ್ಕಳಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂಬುದು ಲೋಕಪ್ರಸಿದ್ಧವೆನ್ನುತ್ತಾನೆ. ಪಂಡಿತನೊಬ್ಬನು ತನ್ನ ಸಿದ್ಧಾಂತಕ್ಕೆ ಜನರ ರೂಢಿಯನ್ನು ಹೀಗೆ ಸಾಕ್ಷಿಗೆ ಕರೆಯುವುದು ಗಮನಾರ್ಹವಾದ ಸಂಗತಿ. ಅವನ ಕಣ್ಣಿಗೆ ಬಿದ್ದ ರೂಢಿಯು ಕಲ್ಯಾಣದ ಸುತ್ತಣ ನಾಡಿನದಾಗಿರಬಹುದೆಂದು ಊಹಿಸುವುದು ತಪ್ಪಾಗಲಾರದು.

ಮುಂದೆ, ತಾತನು ಗಳಿಸಿದ ಸೊತ್ತಿನ ಮಾತು ಬರುತ್ತದೆ. ಭೂಮಿ, ನಿಬಂಧ, ದ್ರವ್ಯ ಎಂದು ಸ್ಮೃತಿಯು ಮೂರನ್ನು ಹೇಳುವುದು. ನಿಬಂಧಕ್ಕೆ ವ್ಯಾಖ್ಯಾನಕಾರನು ಕೊಡುವ ಉದಾಹರಣೆಯು ವೀಳೆಯದೆಲೆಯಲ್ಲಿ ಇಷ್ಟು ಎಲೆ, ಅಡಕೆಯಲ್ಲಿ ಇಷ್ಟು ಅಡಕೆ ಎಂದು ಗೊತ್ತಾಗಿ ಬರತಕ್ಕ ಹುಟ್ಟುವಳಿ. ಓದಿದಾಗ ನಮ್ಮ ತೋಟಗಳೇ ನೆನಪಾಗುತ್ತವೆ. ಈ ಮೂರರಲ್ಲಿಯೂ ತಂದೆಗೂ ಮಗನಿಗೂ ಸಮಾನವಾದ ಒಡೆತನವಿದೆ. ಇದರ ಫಲವನ್ನು ವಿಜ್ಞಾನೇಶ್ವರನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ತಂದೆಗೆ ಇಷ್ಟವಿಲ್ಲದಿದ್ದರೂ, ತಾಯಿಗೆ ಇನ್ನೂ ಮಕ್ಕಳಾಗುವ ವಯಸ್ಸಿದ್ದರೂ, ಮಗನ ಇಚ್ಛೆಯಿಂದಲೇ ತಾತನ ಆಸ್ತಿಯು ಪಾಲಾಗಬಹುದು. ತಂದೆಯು ಅದನ್ನು ದಾನಮಾಡಹೊರಟರೆ ಅಥವಾ ಮಾರಹೊರಟರೆ ಮಗನು ತಡೆಯಬಹುದು. ಆದರೆ ತಂದೆಯು ಸ್ವಂತ ದುಡಿಮೆಯಿಂದ ಗಳಿಸಿದ ಸೊತ್ತಿನಲ್ಲಿ ಮಗನಿಗೆ ಹೀಗೆ ತಡೆಯುವ ಅಧಿಕಾರವಿಲ್ಲ. ಅಲ್ಲಿ ತಂದೆಯ ಮಾತಿಗೆ ಅವನು ಸಮ್ಮತಿಸತಕ್ಕದ್ದು. ಒಬ್ಬನೇ ಮನುಷ್ಯನು ತಾನು ಗಳಿಸಿದ ಹೊಲದಲ್ಲಿ ಯಜಮಾನನು, ತನ್ನ ತಂದೆಯಿಂದ ಬಂದ ಹೊಲದಲ್ಲಿ ತನ್ನ ಮಗನಿಗೆ ಸಮನಾದ ಪಾಲುದಾರನು! ಆಪತ್ಕಾಲದಲ್ಲಿ, ಕುಟುಂಬದ ರಕ್ಷಣೆಗಾಗಿ, ಧರ್ಮಕಾರ್ಯಕ್ಕಾಗಿ ಒಬ್ಬನೇ ಮಾರಬಹುದೆಂಬ ವಿನಾಯಿತಿಯುಂಟು. ಇತರರು ಅಪಹರಿಸಿದ ತಾತನ ಭೂಮಿಯನ್ನು ತಂದೆಯು ತನ್ನ ಶಕ್ತಿಯಿಂದ ಬಿಡಿಸಿಕೊಂಡು ಬಂದರೆ ಅದು ಅವನ ಸ್ವಾರ್ಜಿತದಂತೆಯೇ ಆಗುತ್ತದೆಂಬ ನ್ಯಾಯವೂ ಉಂಟು.

ತಂದೆಯಿಲ್ಲದ ಮೊಮ್ಮಕ್ಕಳ ವಿಷಯದಲ್ಲಿ ಆತನು ಒಂದು ಲೆಕ್ಕವನ್ನು ಕೊಡುತ್ತಾನೆ. ಪಾಲಾಗದ ಮೂವರು ಅಣ್ಣತಮ್ಮಂದಿರು ತೀರಿಕೊಂಡರು. ಒಬ್ಬನಿಗೆ ಇಬ್ಬರು, ಮತ್ತೊಬ್ಬನಿಗೆ ಮೂವರು, ಇನ್ನೊಬ್ಬನಿಗೆ ನಾಲ್ವರು ಗಂಡುಮಕ್ಕಳು. ತಾತನ ಆಸ್ತಿಯನ್ನು ಒಂಬತ್ತು ಭಾಗ ಮಾಡತಕ್ಕದ್ದಲ್ಲ, ಮೂರು ಭಾಗ ಮಾಡತಕ್ಕದ್ದು. ಇಬ್ಬರಿಗೆ ಒಂದು, ಮೂವರಿಗೆ ಒಂದು, ನಾಲ್ವರಿಗೆ ಒಂದು. ಹುಟ್ಟಿನಿಂದಲೇ ಹಕ್ಕಿದ್ದರೂ ಮೊಮ್ಮಗನು ತಾತನನ್ನು ಮುಟ್ಟುವುದು ತಂದೆಯ ಮೂಲಕವೇ. ತಂದೆಯು ಸತ್ತರೂ ಅವನ ಸ್ಥಾನವು ಸಾಯುವುದಿಲ್ಲ. ತಂದೆಯ ಮಹತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಹಕ್ಕಿನಂತೆಯೇ ಹೊರೆಯೂ ಉಂಟು. ತೀರಿಹೋದ, ದೇಶಾಂತರಹೋದ, ಅಥವಾ ತೀರದ ರೋಗದಲ್ಲಿ ಬಿದ್ದ ತಂದೆಯ ಸಾಲವನ್ನು ಮಕ್ಕಳು ಮೊಮ್ಮಕ್ಕಳು ತೀರಿಸತಕ್ಕದ್ದೆಂದು ಸ್ಮೃತಿಯು ಹೇಳುತ್ತದೆ. ಕುಡಿತ, ಕಾಮ, ಜೂಜುಗಳಿಗಾಗಿ ಮಾಡಿದ ಸಾಲವನ್ನು ಮಗನು ಕೊಡಬೇಕಾದುದಿಲ್ಲ. ಇದರಲ್ಲಿ ಒಂದು ಸೂಕ್ಷ್ಮವಾದ ಇಳಿತರವಿದೆ. ಮಗನು ತಂದೆಯ ಸಾಲವನ್ನು ತನ್ನದೇ ಸಾಲವೆಂಬಂತೆ ಬಡ್ಡಿಸಹಿತವಾಗಿ ತೀರಿಸಬೇಕು. ಮೊಮ್ಮಗನು ತಾತನ ಸಾಲದ ಅಸಲನ್ನು ಮಾತ್ರ ಕೊಟ್ಟರೆ ಸಾಕು. ಮರಿಮಗನು ಆಸ್ತಿಯನ್ನು ಪಡೆಯದಿದ್ದಲ್ಲಿ ಏನನ್ನೂ ಕೊಡಬೇಕಾದುದಿಲ್ಲ. ಶ್ರಾದ್ಧದಲ್ಲಿ ಪಿಂಡವನ್ನು ಪಡೆಯುವವರೂ ಮೂವರೇ: ವಸುರೂಪನಾದ ತಂದೆ, ರುದ್ರರೂಪನಾದ ತಾತ, ಆದಿತ್ಯರೂಪನಾದ ಮುತ್ತಾತ. ಹೊಸಬನೊಬ್ಬನು ಆ ಸಾಲಿಗೆ ಸೇರಿದಾಗ ಮೇಲಿನವನು ಹೆಸರಿನಿಂದ ಜಾರಿಹೋಗುತ್ತಾನೆ. ಮನುಷ್ಯನ ನೆನಪು ಎಷ್ಟು ತಲೆಮಾರುಗಳವರೆಗೆ ನಿಜವಾಗಿ ನಿಲ್ಲುತ್ತದೆಂಬುದನ್ನು ಧರ್ಮಶಾಸ್ತ್ರಕಾರರು ಚೆನ್ನಾಗಿ ಅಳೆದಿದ್ದರು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ರನ್ನನ ಗದಾಯುದ್ಧವನ್ನು ತರಗತಿಯಲ್ಲಿ ಓದಿಸಿದರೆ ಒಂದು ಹೊಸ ಸ್ವಾರಸ್ಯವು ಕಾಣುತ್ತದೆ. ಸರ್ವಸ್ವವನ್ನೂ ಕಳೆದುಕೊಂಡ ದುರ್ಯೋಧನನಿಗೆ ಮೊದಲು ತಂದೆತಾಯಿಗಳು ಸಂಧಿಯನ್ನು ಬೋಧಿಸುತ್ತಾರೆ. ಧೃತರಾಷ್ಟ್ರನ ಮಾತು ನೂರು ಮಕ್ಕಳಲ್ಲಿ ಉಳಿದ ಒಬ್ಬನನ್ನು ಉಳಿಸಿಕೊಳ್ಳಬೇಕೆಂಬ ತಂದೆಯ ಮಾತು. ಮಗನು ಒಪ್ಪದಿದ್ದಾಗ ಅವನಿಗೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಅನಂತರ ಶರಶಯ್ಯೆಯ ಮೇಲಿನ ಭೀಷ್ಮನ ಬಳಿಗೆ ಬರುತ್ತಾನೆ. ಅಜ್ಜನೂ ಸಂಧಿಯನ್ನೇ ಹೇಳುತ್ತಾನೆ. ಆದರೆ ಮೊಮ್ಮಗನು ಒಪ್ಪದಿದ್ದಾಗ ಅಷ್ಟಕ್ಕೇ ನಿಲ್ಲದೆ, ಹಾಗಿದ್ದರೆ ಬಲರಾಮ, ಅಶ್ವತ್ಥಾಮ ಮೊದಲಾದವರು ಬಂದು ಕೂಡುವವರೆಗೆ ವೈಶಂಪಾಯನಸರೋವರದಲ್ಲಿ ಕಾಲವನ್ನು ಕಳೆ ಎಂದು ಉಪಾಯವನ್ನು ತಿಳಿಸುತ್ತಾನೆ. ತಂದೆಯದು ಬೇಡಿಕೆ, ಅಜ್ಜನದು ಬುದ್ಧಿವಾದದ ಜೊತೆಗೆ ಒಂದು ದಾರಿ. ಈ ಅಜ್ಜನಿಗೆ ಮಕ್ಕಳೇ ಇಲ್ಲವೆಂಬುದನ್ನೂ ಮರೆಯಬಾರದು. ತಂದೆಯಾಗದೆಯೇ ಪಿತಾಮಹನಾದವನು ಭೀಷ್ಮನು. ಅದೂ ತನ್ನ ತಂದೆಯ ಸಲುವಾಗಿ ಮಾಡಿದ ಪ್ರತಿಜ್ಞೆಯಿಂದ. ಪಂಪನಲ್ಲಿ, ಸೇನಾಧಿಪತ್ಯದ ಪಟ್ಟವಾಗುವಾಗ ಭೀಷ್ಮನನ್ನು ಮುದುಕನೆಂದು ಹೀನೈಸಿದ ಕರ್ಣನು, ಅವನು ಬಿದ್ದ ಮೇಲೆ ತಾನಾಗಿ ಬಂದು ಕಾಲಿಗೆ ಬೀಳುತ್ತಾನೆ. ತಂದೆ ಯಾರೆಂದು ಲೋಕಕ್ಕೆ ಹೇಳಲಾಗದ ಕರ್ಣನಿಗೂ ಅಜ್ಜನ ಪಾದವೊಂದು ದೊರೆಯಿತು.

ಈ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇದ್ದಿತು. ಅಜ್ಜನ ತೊಡೆಯಮೇಲೆ ಮೊಮ್ಮಗನ ಪಕ್ಕದಲ್ಲೇ ಬೆಳೆದ ಮೊಮ್ಮಗಳು ಆ ಲೆಕ್ಕದ ಹೊರಗೆ ಉಳಿದಳು. ಆಡುಮಾತು ಒಂದೇ ಹೆಸರಿನಿಂದ ಕರೆದ ತಾಯಿಯ ತಂದೆಯೂ ಹೊರಗುಳಿದನು. ಅವನಿಂದ ಬಂದ ಸೊತ್ತು ಪಿತ್ರಾರ್ಜಿತವಾಗುವುದಿಲ್ಲವೆಂದು ಪ್ರಿವಿ ಕೌನ್ಸಿಲು ೧೯೩೭ರಲ್ಲಿ ತೀರ್ಮಾನಿಸಿತು. ಕನ್ನಡನಾಡಿನ ಒಂದು ಭಾಗದಲ್ಲಂತೂ ಈ ಸರಪಳಿಯೇ ಬೇರೆಯಾಗಿತ್ತು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಮನೆತನವು ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಯಜಮಾನಿಕೆಯು ಸೋದರಮಾವನಿಂದ ಅಳಿಯನಿಗೆ ಸಲ್ಲುತ್ತಿತ್ತು. ತಂದೆಯು ತನ್ನ ಮಕ್ಕಳ ಮನೆತನಕ್ಕೆ ಸೇರದವನಾಗಿದ್ದನು. ಅಲ್ಲಿಯೂ ತಂದೆಯ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಆ ಪ್ರೀತಿಗೆ ಆಸ್ತಿಯ ಆಧಾರವಿರಲಿಲ್ಲ.

ಈಚಿನ ಶಾಸನಗಳು ಈ ಎಲ್ಲವನ್ನೂ ಬದಲಾಯಿಸಿವೆ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿತು. ಕರ್ನಾಟಕವು ೧೯೯೪ರಲ್ಲಿ, ಅನಂತರ ಇಡೀ ದೇಶವು ೨೦೦೫ರಲ್ಲಿ, ಮಗಳಿಗೂ ಹುಟ್ಟಿನಿಂದ ಹಕ್ಕನ್ನು ಕೊಟ್ಟವು. ೨೦೦೫ರಲ್ಲಿ ತಂದೆಯು ಬದುಕಿರಬೇಕಾದ ಅಗತ್ಯವಿಲ್ಲವೆಂದು ಸರ್ವೋಚ್ಚನ್ಯಾಯಾಲಯವು ೨೦೨೦ರಲ್ಲಿ ಹೇಳಿತು. ವಿಜ್ಞಾನೇಶ್ವರನ ತತ್ತ್ವವು ಇದರಿಂದ ಅಳಿಯದೆ ವಿಸ್ತಾರಗೊಂಡಿತೆಂದೇ ನನ್ನ ಅಭಿಪ್ರಾಯ.

ಆದರೆ ಇದಕ್ಕೂ ಮುಂಚೆ ಸದ್ದಿಲ್ಲದೆ ನಡೆದ ಇನ್ನೊಂದು ಬದಲಾವಣೆಯನ್ನು ಬಹುಮಂದಿ ಗಮನಿಸಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಪ್ರಥಮವರ್ಗದ ವಾರಸುದಾರರ ಪಟ್ಟಿಯೊಂದಿದೆ. ಅದರಲ್ಲಿ ಮಗನಿದ್ದಾನೆ, ಮಗಳಿದ್ದಾಳೆ, ತೀರಿಹೋದ ಮಗನ ಮಗನಿದ್ದಾನೆ. ತಂದೆಯು ಬದುಕಿರುವ ಮೊಮ್ಮಗನು ಇಲ್ಲ. ಹೀಗೆ ತಾತನ ಸ್ವಾರ್ಜಿತವು ತಂದೆಗೆ ಬಂದರೆ ಅದು ಅವನ ಸ್ವಂತವೇ ಆಗುತ್ತದೆ, ಅದರಲ್ಲಿ ಮೊಮ್ಮಗನಿಗೆ ಹುಟ್ಟಿನ ಹಕ್ಕಿಲ್ಲ ಎಂದು ಸರ್ವೋಚ್ಚನ್ಯಾಯಾಲಯವು ೧೯೮೬ರಲ್ಲಿಯೂ ೧೯೮೭ರಲ್ಲಿಯೂ ನಿರ್ಣಯಿಸಿತು. ಕಲ್ಯಾಣದ ಪಂಡಿತನು ಸಮಾನರೆಂದು ಹೇಳಿದ ಇಬ್ಬರಲ್ಲಿ ಒಬ್ಬನು ಮಾತ್ರ ಇಲ್ಲಿ ಉಳಿದನು. ‘ಪಿತೃಪ್ರಧಾನ’ವೆಂಬ ಮಾತು ಹಳೆಯ ಮಿತಾಕ್ಷರಕುಟುಂಬಕ್ಕಿಂತ ೧೯೫೬ರ ತರುವಾಯದ ಈ ಕುಟುಂಬಕ್ಕೇ ಹೆಚ್ಚು ಹೊಂದುತ್ತದೆಂದು ನಾನು ಹೇಳಿದರೆ ವಿದ್ವಾಂಸರು ಮುನಿಯಲಾರರೆಂದು ನಂಬುತ್ತೇನೆ.

ಸಾಲದ ಹೊರೆಯೂ ಇಳಿಯಿತು. ತಂದೆಯ, ತಾತನ, ಮುತ್ತಾತನ ಸಾಲಕ್ಕಾಗಿ ಧರ್ಮಬಾಧ್ಯತೆಯೊಂದನ್ನೇ ಆಧಾರಮಾಡಿಕೊಂಡು ಮಗನನ್ನಾಗಲಿ ಮೊಮ್ಮಗನನ್ನಾಗಲಿ ಮರಿಮಗನನ್ನಾಗಲಿ ಹಿಡಿಯಕೂಡದೆಂದು ೨೦೦೫ರ ತಿದ್ದುಪಡಿಯು ವಿಧಿಸಿದೆ. ಅದಕ್ಕೆ ಹಿಂದಿನ ಸಾಲಗಳಿಗೆ ಮಾತ್ರ ಹಳೆಯ ನಿಯಮವು ಸಲ್ಲುತ್ತದೆ. ಅಸಲು ಮಾತ್ರ, ಬಡ್ಡಿಯಿಲ್ಲ ಎಂಬ ಮೊಮ್ಮಗನ ಆ ಹಳೆಯ ರಿಯಾಯಿತಿಯು ಇನ್ನು ಗ್ರಂಥಗಳಲ್ಲಿ ಮಾತ್ರ ಉಳಿಯತಕ್ಕದ್ದು. ಇಷ್ಟಾದರೂ ನಮ್ಮ ಕ್ರಯಪತ್ರಗಳ ಒಕ್ಕಣೆಯು ಬದಲಾಗಿಲ್ಲ. ಊರಿನ ಪತ್ರಬರಹಗಾರನು ಸ್ವತ್ತನ್ನು ಕೊಂಡವನಿಗೆ, ನೀವೂ ನಿಮ್ಮ ಪುತ್ರಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು ಎಂದು ತಾಮ್ರಶಾಸನದ ಧಾಟಿಯಲ್ಲೇ ಇಂದಿಗೂ ಬರೆದುಕೊಡುತ್ತಾನೆ. ಕೊಂಡವನೂ ಆ ಸಾಲನ್ನು ಓದಿಸಿ ಕೇಳಿದ ಮೇಲೆಯೇ ಹಣವನ್ನು ಎಣಿಸುತ್ತಾನೆ.